ಹಿಂದಿನ ಸೀಟಿನ ಬಿಸಿ

“ಈ ಕಾರಿಗೆ ಮಾಟ ಮಾಡ್ಸಿದಾರೆ. ಬೇಕೇ ಬೇಕು ಅಂದ್ರೆ ತಗೊಳ್ಳಿ, ಆದ್ರೆ ನಿಮ್ಮ ಹೆಸರಿಗೇ ಮಾಡಿಸ್ಕೊಳ್ಳಿ. ಬೇರೆಯವರ ತಲೆಗೆ ಕಟ್ಟಬೇಡಿ.”

ಕಾರು ಮಾರುತ್ತಿದ್ದ ಮುದುಕಿ ಹೀಗೆಂದಾಗ ಎಲ್ಲಬಲ್ಲ ನಕ್ಕುಬಿಟ್ಟ. ಊರಿಗೆ ಹೊಸದಾಗಿ ಬಂದ ಈ ಭೌತಶಾಸ್ತ್ರದ ಮೇಷ್ಟ್ರಿಗೆ ಕಾಲೇಜಿನ ಹುಡುಗರು ಇಟ್ಟ ಹೆಸರು ಅದು. ಎದುರಿನವರ ಮಾತು ಮುಗಿಯುವ ಮೊದಲೇ ಮೂಗು ಮುರಿಯುವ ಜಾತಿ. ಇಂಥವನ ಕತೆ ಹೇಳುವಾಗ ನನಗಂತೂ ಎಳ್ಳಷ್ಟೂ ಮರುಕವಿಲ್ಲ.

ಮುದುಕಿ ಸುಡುಬಿಸಿಲಿನಲ್ಲಿ ಶಾಲು ಹೊದ್ದು ನಡುಗುತ್ತಿದ್ದಳು. ಆಸ್ತಿಯ ಜಗಳದಲ್ಲಿ ಮೈದುನನೇ ಮಾಟ ಮಾಡಿಸಿದ್ದಂತೆ. ಕಾರು ಯಾರ ಹೆಸರಿನಲ್ಲಿರುತ್ತದೋ ಅವರ ಮೈಯ ಬಿಸಿಯನ್ನು ಅದು ಎಳೆದುಕೊಳ್ಳುತ್ತದಂತೆ. ಗಂಡ ಹಾಗೆಯೇ ತಣ್ಣಗಾಗಿ ಸತ್ತ. ಕಾರು ಇವಳ ಹೆಸರಿಗೆ ಬಂತು.

“ಗುಜರಿಗೆ ಹಾಕ್ಬೇಕಿತ್ತು,” ಎಂದ ಎಲ್ಲಬಲ್ಲ.

“ಹಾಕಿದ್ದೆ. ಅವರು ಸುತ್ತಿಗೆ ಎತ್ತಿದ್ರು, ಇಲ್ಲಿ ನನ್ನ ಉಸಿರು ನಿಂತೋಯ್ತು. ವಿಷಯ ಹೇಳಿ ಮಾರಿದ್ರೆ ಮಾತ್ರ ಇದು ಬಿಟ್ಟು ಹೋಗೋದು. ಅದಕ್ಕೇ ಹೇಳ್ತಿದೀನಿ.”

“ಹೇಳಿದ್ದಾಯ್ತಲ್ಲ ಅಜ್ಜಿ, ಸಹಿ ಹಾಕಿ.”

ಕೀಲಿ ಕೊಡುವಾಗ ಅವಳ ಬೆರಳು ತಾಗಿತು. ಮಂಜುಗಡ್ಡೆ. ಕಾರಿನೊಳಗೆ ಸುಟ್ಟ ಕೂದಲಿನ ವಾಸನೆ. ಹಿಂದಿನ ಸೀಟಿನ ಮೇಲೆ ಕೈಯಿಟ್ಟರೆ, ಈಗಷ್ಟೇ ಯಾರೋ ಎದ್ದು ಹೋದ ಹಾಗೆ ಬೆಚ್ಚಗಿತ್ತು. ಬಿಸಿಲಿಗೆ ನಿಲ್ಲಿಸಿದ್ದಾರೆ ಎಂದುಕೊಂಡ. ಕಾರು ನಿಂತಿದ್ದು ನೆರಳಿನಲ್ಲಿ. ಅಷ್ಟನ್ನೂ ನೋಡದ ವಿಜ್ಞಾನಿ ಇವನು.

ಕಾರನ್ನು ಹೆಂಡತಿಯ ಹೆಸರಿಗೆ ಮಾಡಿಸಲು ಹೊರಟ. ಪ್ರೀತಿಯಿಂದಲ್ಲ. ಎರ್ರಾಬಿರ್ರಿ ಓಡಿಸುವುದು ತಾನು, ದಂಡದ ನೋಟೀಸು ಬಂದರೆ ಅವಳ ಹೆಸರಿಗೆ ಬರಲಿ ಎಂದು. ಊಟಕ್ಕೆ ಕುಳಿತಾಗ ಮುದುಕಿಯ ಮಾತನ್ನು ಅಣಕಿಸಿ ತೋರಿಸಿದ. ಹೆಂಡತಿಯ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು.

“ಹಾಗಿದ್ರೆ ನನ್ನ ಹೆಸರಿಗೆ ಯಾಕ್ರೀ?”

“ದಡ್ಡರ ಜೊತೆ ಏನು ಮಾತು! ಇಲ್ಲಿ ಸಹಿ ಹಾಕು.”

ಮುಂದೆ ಯಾವಾಗಲಾದರೂ ಕಾರನ್ನು ತನ್ನ ಹೆಸರಿಗೆ ತಿರುಗಿಸಿಕೊಳ್ಳಬೇಕಾದರೆ ಅವಳು ತಕರಾರು ತೆಗೆಯಬಾರದೆಂದು, ಇನ್ನೊಂದು ವರ್ಗಾವಣೆ ಫಾರಮ್ಮಿಗೂ ಆಗಲೇ ಇಬ್ಬರ ಸಹಿ ಹಾಕಿ ಬೀರುವಿನಲ್ಲಿಟ್ಟ. ಬುದ್ಧಿವಂತನಲ್ಲವೇ!

ನೋಂದಣಿ ಮಾಡಿಸಿಕೊಡುವ ಏಜೆಂಟ್ ಬಂದು ಕಾರಿನ ಕಬ್ಬಿಣದಲ್ಲಿ ಕೊರೆದಿದ್ದ ಚಾಸಿ ನಂಬರಿನ ಅಚ್ಚು ತೆಗೆಯಲು ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದ. ಥಟ್ಟನೆ ಕೈ ಎಳೆದುಕೊಂಡ.

“ಸಾರ್, ಕಬ್ಬಿಣ ಜ್ವರ ಬಂದೋರ ಹಣೆ ಥರ ಇದೆ.”

ಎಲ್ಲಬಲ್ಲ ಅವನಿಗೂ ಒಂದು ಪಾಠ ಹೇಳಿ ಕಳಿಸಿದ.

ಕಾರು ಅವಳ ಹೆಸರಿಗಾದ ದಿನವೇ ಹೆಂಡತಿಗೆ ಚಳಿ ಹಿಡಿಯಿತು. ಕಂಬಳಿಯ ಮೇಲೆ ಕಂಬಳಿ. ತುಟಿ ನೀಲಿ. ಡಾಕ್ಟರು ನಿಶ್ಶಕ್ತಿ ಎಂದರು. ದಿನದಿಂದ ದಿನಕ್ಕೆ ಉಸಿರು ಸಣ್ಣಗಾಯಿತು.

“ಕಾರು ನಿಮ್ಮ ಹೆಸರಿಗೆ ಮಾಡಿಸ್ಕೊಳ್ರೀ. ಇಲ್ದಿದ್ರೆ ನಾನು ಉಳಿಯಲ್ಲ.”

“ಎಲ್ಲಾ ಮೂಢನಂಬಿಕೆ.”

“ನೀವು ನಂಬಲ್ವಲ್ಲ. ಮತ್ತೆ ಮಾಡಿಸ್ಕೊಳ್ಳೋಕೆ ಏನು ಕಷ್ಟ?”

ಅವನು ಚೀಲ ಎತ್ತಿಕೊಂಡು ಬಾಗಿಲಿಗೆ ನಡೆದ. ಯಾಕೆಂದರೆ ಮಾಟ ನಿಜವೆಂದು ಅವನಿಗೆ ಗೊತ್ತಾಗಿಹೋಗಿತ್ತು. ಅಂದು ಬೆಳಿಗ್ಗೆ ಕಾರು ನಿಲ್ಲಿಸುವ ನೆಲಮಾಳಿಗೆಯ ಕತ್ತಲಲ್ಲಿ ಬಾಗಿಲು ತೆಗೆದಾಗ ಹಿಂದಿನ ಸೀಟಿನಿಂದ ಕೆಮ್ಮು ಕೇಳಿತ್ತು. ಹೆಂಡತಿಯ ಕೆಮ್ಮು. ಎದ್ದೆನೋ ಬಿದ್ದೆನೋ ಎಂದು ಓಡಿದ್ದ. ಅವಳು ಸಾಯುತ್ತಾಳೆಂದು ತಿಳಿದೂ ತನ್ನ ಹೆಸರು ಬರೆಸಲು ಅವನಿಗೆ ಧೈರ್ಯ ಬರಲಿಲ್ಲ. ಥೂ, ಇವನ ಜನ್ಮಕ್ಕಿಷ್ಟು!

ಅವನು ಕಾಲೇಜಿಗೆ ಹೋದ ಮೇಲೆ ಹೆಂಡತಿ ಗೋಡೆ ಹಿಡಿದುಕೊಂಡು ನಡೆದು ಬೀರು ತೆಗೆದಳು. ಇಬ್ಬರ ಸಹಿಯೂ ಇದ್ದ ಫಾರಂ ಅಲ್ಲೇ ಇತ್ತು. ಏಜೆಂಟನನ್ನು ಕರೆಸಿ ಕೊಟ್ಟಳು.

ಎಲ್ಲಬಲ್ಲ ತರಗತಿಯಲ್ಲಿ ಶಾಖ ಹರಿಯುವ ಬಗೆಯನ್ನು ವಿವರಿಸುತ್ತಿದ್ದಾಗ ಫೋನು ಬಂತು.

“ಸಾರ್, ಕಾರು ನಿಮ್ಮ ಹೆಸರಿಗಾಯ್ತು. ಮೇಡಂ ಅರ್ಜೆಂಟ್ ಅಂದಿದ್ರು.”

ಸೀಮೆಸುಣ್ಣ ಜಾರಿತು. ಬೆರಳು ಮರಗಟ್ಟಿತು. ಮೊಣಕೈ. ಹೆಗಲು. ಕಿಟಕಿಯ ಬಿಸಿಲು ಮೈಮೇಲೇ ಇತ್ತು. ಬಿಸಿ ಇರಲಿಲ್ಲ. ಓಡಿದ. ರಸ್ತೆ. ಗೇಟು. ನೆಲಮಾಳಿಗೆ. ಕತ್ತಲು. ಸುಟ್ಟ ಕೂದಲಿನ ವಾಸನೆ. ಮುಚ್ಚಿದ ಕಾರಿನೊಳಗೆ ಯಾರೋ ಏದುಸಿರು ಬಿಡುತ್ತಿದ್ದರು. ಅವನು ಉಸಿರು ಬಿಗಿಹಿಡಿದ. ಒಳಗಿನದೂ ನಿಂತಿತು. ಬಿಟ್ಟ. ಅದೂ ಬಿಟ್ಟಿತು.

ಮನೆಯಲ್ಲಿ ಹೆಂಡತಿ ಫ್ಯಾನ್ ಹಾಕಿಕೊಂಡು ಕುಳಿತಿದ್ದಳು. ಹಣೆಯ ಮೇಲೆ ಬೆವರು. ಮಾತಾಡದೆ ತನ್ನ ಕಂಬಳಿಯನ್ನೇ ಅವನಿಗೆ ಹೊದೆಸಿದಳು.

ಮೇಲೇಳಲಾಗದೆ ಎಲ್ಲಬಲ್ಲ ಕಾರು ಮಾರಲು ಕುಳಿತ. ಬಂದವರಿಗೆಲ್ಲ ಮಾಟದ ವಿಷಯ ಹೇಳಿದ, ಹೇಳದೆ ವಿಧಿಯಿರಲಿಲ್ಲ. ಕೇಳಿದವರು ನೀರು ಕುಡಿದು ಎದ್ದು ಹೋದರು. ತನ್ನಂಥ ಇನ್ನೊಬ್ಬ ಬುದ್ಧಿವಂತ ಬರಲಿ ಎಂದು ಹಲ್ಲು ಕಡಿಯುತ್ತ ಕಾದ. ಕೊನೆಗೂ ಒಬ್ಬ ವಕೀಲ ಬಂದ. ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಕೊಡ್ರೀ ಸ್ವಾಮಿ! ಮಗಳಿಗೆ ಕೆಲಸ ಸಿಕ್ಕಿದೆ, ಅವಳ ಹೆಸರಿಗೇ ಮಾಡಿಸ್ತೀನಿ.”

ಮುದುಕಿ ಹೇಳಿದ್ದ ಇನ್ನೊಂದು ಮಾತು ಎಲ್ಲಬಲ್ಲನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಕೀಲಿ ಕೈಗಿಟ್ಟ.

ಅಡುಗೆಮನೆಯ ಬಾಗಿಲಿನಿಂದ ಹೆಂಡತಿ ಹೇಳಿದಳು: “ಮಗಳ ಹೆಸರಿಗೆ ಬೇಡ ಅಣ್ಣಾ. ನಿಮ್ಮ ಹೆಸರಿಗೇ ಮಾಡಿಸ್ಕೊಳ್ಳಿ.”

ವಕೀಲನ ನಗು ನಿಂತಿತು. ಕೀಲಿಯನ್ನೊಮ್ಮೆ, ಎಲ್ಲಬಲ್ಲನ ನೀಲಿ ತುಟಿಯನ್ನೊಮ್ಮೆ ನೋಡಿದ. ಕೀಲಿಯನ್ನು ಮೇಜಿನ ಮೇಲಿಟ್ಟ.

“ಮನೇಲಿ ಒಂದ್ಮಾತು ಕೇಳಿ ಹೇಳ್ತೀನಿ,” ಎಂದವನು ಚಪ್ಪಲಿ ಮೆಟ್ಟಿಕೊಳ್ಳಲೂ ನಿಲ್ಲದೆ, ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದ.

ಹೆಂಡತಿ ಬಂದು ಕಂಬಳಿ ಸರಿಮಾಡಿದಳು.