ಮನೆಯವರು

ಮೂರನೆಯ ಗಿರಾಕಿಯೂ ಕೀಲಿಕೈ ವಾಪಸ್ ತಂದ.

ಔಷಧಿ ಅಂಗಡಿಯವನು ಅವನು. ಬ್ರೋಕರಮ್ಮನ ಮೇಜಿನ ಮೇಲೆ ಕೀಲಿಕೈ ಇಟ್ಟು, ಪಕ್ಕದಲ್ಲೊಂದು ಕಾಗದ ಇಟ್ಟ.

“ಆ ಮನೆ ನಮಗೆ ಬೇಡಮ್ಮ.”

“ನಿನ್ನೆ ತಾನೇ ಪರದೆಗೆ ಅಳತೆ ತಗೊಂಡ್ರಿ?”

“ಮೊದಲು ಇದನ್ನ ಓದಿ.”

ರೂಲು ಹಾಕಿದ ಹಾಳೆ. ಸಹಿ ಇಲ್ಲ. ಗುರುತು ಸಿಗಬಾರದೆಂದು ಬಿಡಿಬಿಡಿಯಾಗಿ ಬರೆದ ದಪ್ಪ ಅಕ್ಷರ.

‘ಈ ಮನೆಯಲ್ಲಿ ಕೊಲೆ ಆಗಿದೆ. ಹಿಂದಿನ ಕೋಣೆಯಲ್ಲಿ. ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕೇಳಿ ನೋಡಿ.’

ಅವನು ಹೋದ ಮೇಲೆ ಬ್ರೋಕರಮ್ಮ ಹಿಂದಿನ ಇಬ್ಬರು ಗಿರಾಕಿಗಳಿಗೆ ಫೋನು ಹಚ್ಚಿದಳು. ಮೆಟ್ಟಿಲು ಕಡಿದು ಎಂದು ಒಬ್ಬರು, ಬಿಸಿಲು ಸಾಲದು ಎಂದು ಇನ್ನೊಬ್ಬರು ಬಿಟ್ಟುಹೋಗಿದ್ದರು. ಗದರಿಸಿ ಕೇಳಿದಾಗ ನಿಜ ಬಾಯಿಬಿಟ್ಟರು. ಇಬ್ಬರಿಗೂ ಇದೇ ಕಾಗದ ಬಂದಿತ್ತು.

ಮನೆ ಮಾರಿಸುವುದು ಅವಳ ಇಪ್ಪತ್ತೆರಡು ವರ್ಷದ ಕಸುಬು. ಸೋರುವ ಮಾಡು ಕಂಡಿದ್ದಳು, ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಕಂಡಿದ್ದಳು. ಕೊಲೆ ಇದೇ ಮೊದಲು.

* * *

ಮನೆ ಅಣ್ಣ ತಂಗಿ ಇಬ್ಬರಿಗೆ ಸೇರಿದ್ದು. ಅಣ್ಣ ಹೆಂಡತಿಯೊಂದಿಗೆ ಅಲ್ಲೇ ಇದ್ದ. ತಂಗಿಯ ಮನೆ ಬೇರೆ ಬಡಾವಣೆಯಲ್ಲಿ. ಅರ್ಧ ಸಾಮಾನು ಆಗಲೇ ಪೆಟ್ಟಿಗೆ ಸೇರಿತ್ತು. ಗೋಡೆಯ ಮೇಲೆ ಪಟಗಳಿದ್ದ ಕಡೆ ಬಿಳಿ ಚೌಕಗಳು ಉಳಿದಿದ್ದವು.

“ಇದು ಇವಳದೇ ಕೆಲಸ,” ಎಂದ ಅಣ್ಣ, ಬ್ರೋಕರಮ್ಮ ತಂದ ಕಾಗದ ಓದಿ ತಂಗಿಯತ್ತ ಬೆರಳು ತೋರಿಸುತ್ತಾ. “ಗಿರಾಕಿ ಓಡಿಹೋದ್ರೆ ಬೆಲೆ ಇಳಿಯುತ್ತೆ. ಆಮೇಲೆ ಇವಳೇ ಕೊಳ್ತಾಳೆ.”

“ನಾನ್ಯಾಕಪ್ಪ ಕೊಳ್ಳಲಿ? ನಿನ್ನ ಗೊರಕೆ ಗೋಡೆಗೆಲ್ಲ ಅಂಟಿದೆ,” ಎಂದಳು ತಂಗಿ. “ಇಲ್ಲಿಂದ ಕಾಲು ಕೀಳೋಕೆ ಮನಸ್ಸಿಲ್ಲದವನು ನೀನು. ಬರೆದವನೂ ನೀನೇ.”

“ನಾಲಿಗೆ ಬಿಗಿಹಿಡಿ.”

“ನಾಳೆ ಮಧ್ಯಾಹ್ನದವರೆಗೆ ನೋಡ್ತೀನಿ. ಯಾರು ಅಂತ ಗೊತ್ತಾಗದಿದ್ರೆ ಪೊಲೀಸರಿಗೆ ನಿನ್ನ ಹೆಸರೇ ಕೊಡ್ತೀನಿ.”

“ಕೊಡು. ಆಮೇಲೆ ನನ್ನನ್ನ ಅಣ್ಣ ಅನ್ನಬೇಡ.”

ತಂದೆತಾಯಿ ಹೋದ ಮೇಲೆ ಇಬ್ಬರಿಗೂ ಉಳಿದಿದ್ದು ಆ ಒಂದು ಕರೆ. ಅದೂ ನಾಳೆ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು.

“ಈ ಮನೇಲಿ ಯಾರಾದ್ರೂ ಸತ್ತಿದ್ದಾರಾ?” ಬ್ರೋಕರಮ್ಮ ಕೇಳಿದಳು.

“ಅಪ್ಪ ಆಸ್ಪತ್ರೇಲಿ ಹೋದ್ರು. ಅಮ್ಮನೂ ಅಲ್ಲೇ,” ಎಂದ ಅಣ್ಣ. ದೃಷ್ಟಿ ನೆಲದ ಮೇಲಿತ್ತು.

ಅತ್ತಿಗೆ ನೀರು ತಂದಿಟ್ಟು ಒಳಗೆ ಹೋದಳು. ಪಾತ್ರೆಗಳಿಗೆ ಹಳೇ ಪೇಪರು ಸುತ್ತುವ ಸದ್ದು ಮತ್ತೆ ಶುರುವಾಯಿತು.

ಬಾಗಿಲ ಬಳಿಯ ಸ್ಟೂಲಿನ ಮೇಲೆ ಬ್ರೋಕರಮ್ಮ ಒಂದು ಪುಸ್ತಕ ಇಟ್ಟಿದ್ದಳು. ನೋಡಲು ಬಂದವರೆಲ್ಲ ಅದರಲ್ಲಿ ಹೆಸರು, ವಿಳಾಸ, ತಾರೀಖು ಬರೆಯುತ್ತಿದ್ದರು. ಕಾಗದ ಹಾಕಿದವರಿಗೆ ವಿಳಾಸ ಸಿಕ್ಕಿದ್ದು ಅಲ್ಲೇ. ಹಾಗಾದರೆ ಮನೆಯೊಳಗೆ ಓಡಾಡುವವರ ಕೆಲಸ. ಮೂವರು ಇವರು. ನಾಲ್ಕನೆಯವನು ಪಕ್ಕದ ಗಡಿಯಾರ ರಿಪೇರಿಯವನು. ಅವನ ಹತ್ತಿರವೂ ಒಂದು ಕೀಲಿಕೈ ಇತ್ತು. ಅಂಗಡಿ ದೊಡ್ಡದು ಮಾಡಬೇಕೆಂದು ಅರ್ಧ ಬೆಲೆಗೆ ಮನೆ ಕೇಳಿ ಬೈಸಿಕೊಂಡಿದ್ದ.

ಅವಳು ಪುಟ ತಿರುವಿದಳು. ಒಂಬತ್ತನೇ ತಾರೀಖಿಗೆ ಮೊದಲು ನಾಲ್ವರು ಬಂದಿದ್ದರು. ನಾಲ್ವರಿಗೂ ಫೋನು ಮಾಡಿದಳು. ಯಾರಿಗೂ ಕಾಗದ ಬಂದಿರಲಿಲ್ಲ. ಒಂಬತ್ತರ ನಂತರ ಬಂದವರು ಮೂವರು. ಮೂವರಿಗೂ ಬಂದಿತ್ತು.

ಒಂಬತ್ತನೇ ತಾರೀಖು ಇಲ್ಲಿ ಏನಾಯಿತು?

ಅವಳಿಗೆ ಗೊತ್ತಿತ್ತು. ಆ ದಿನ ವಂಶಾವಳಿಯ ಹಾಳೆ ತುಂಬಿದ್ದಳು. ಮನೆ ಮಾರುವಾಗ ಕುಟುಂಬದಲ್ಲಿ ಇರುವವರು, ಸತ್ತವರು ಎಲ್ಲರ ಹೆಸರೂ ಬರೆದುಕೊಡುವ ಕಾಗದ ಅದು. ಅದರಲ್ಲಿ ಯಾರನ್ನು ಕೆರಳಿಸುವಂಥದ್ದೇನಿತ್ತು?

* * *

ಬೆಳಗ್ಗೆ ಎದ್ದವಳೇ ಗಡಿಯಾರದವನ ಮನೆಗೆ ಹೋದಳು. ಅವನ ಹೆಂಡತಿ ಬಾಗಿಲು ತೆಗೆದಳು.

“ಮನೆಯವರು ಸ್ನಾನಕ್ಕೆ ಹೋಗಿದ್ದಾರೆ. ಕೂತ್ಕೊಳ್ಳಿ.”

ಬ್ರೋಕರಮ್ಮ ಕೂರಲು ಬಗ್ಗಿದವಳು ಹಾಗೇ ನಿಂತಳು.

“ಏನಂದ್ರಿ?”

“ಮನೆಯವರು ಸ್ನಾನಕ್ಕೆ...”

“ಬೇಡ ಬಿಡಿ. ನನ್ನ ಕೆಲಸ ಆಯ್ತು.”

“ಗಡಿಯಾರ ತೋರಿಸೋಕೆ ಬಂದಿದ್ದಲ್ವಾ?”

“ನಿಂತುಹೋಗಿತ್ತು. ಈಗ ಓಡ್ತಿದೆ.”

ಮೆಟ್ಟಿಲಿಳಿಯುವಾಗ ಅವಳಿಗೆ ಖುಷಿಯಾಗಲಿಲ್ಲ.

* * *

ಹನ್ನೊಂದು ಗಂಟೆಗೆ ಎಲ್ಲರೂ ಪೆಟ್ಟಿಗೆಗಳ ನಡುವೆ ಕೂತಿದ್ದರು. ತಂಗಿಯ ಕೈಯಲ್ಲಿ ಬರೆದು ತಂದ ದೂರು ಇತ್ತು.

“ಗಡಿಯಾರದವನು ಬರೆದಿದ್ರೆ ‘ಆ ಮನೆಯವರು’ ಅಂತಿದ್ದ,” ಎಂದಳು ಬ್ರೋಕರಮ್ಮ. “ಅಣ್ಣ ತಂಗಿ ಬರೆದಿದ್ರೆ ‘ಎಲ್ಲರೂ’ ಅಂತಿದ್ರು. ಇಲ್ಲಿ ಬರೀ ‘ಮನೆಯವರು’ ಅಂತಿದೆ. ನಾವು ಮನೆಮಂದಿ ಅಂತ ಓದ್ಕೊಂಡ್ವಿ. ಇದು ಒಬ್ಬರೇ. ಗಂಡನ ಹೆಸರು ಹೇಳದ ಹೆಂಡತಿ ಬರೆದ ಮಾತು.”

ಒಳಗೆ ಪೇಪರಿನ ಸದ್ದು ನಿಂತಿತು.

“ಒಂಬತ್ತನೇ ತಾರೀಖು ಇಲ್ಲೇ ಕೂತು ನಾನು ಕೇಳ್ದೆ. ಯಜಮಾನ್ರೇ, ಮಕ್ಕಳು? ಇಲ್ಲ ಅಂದ್ರಿ. ನಾನು ಗೆರೆ ಎಳೆದೆ. ಅತ್ತಿಗೆಯವರು ಆ ಬಾಗಿಲ ಹತ್ತಿರವೇ ನಿಂತಿದ್ರು. ಸೊಸೆಯ ಸಹಿ ಬೇಕಿರಲಿಲ್ಲ. ಅದಕ್ಕೇ ನಾನು ಅವರ ಕಡೆ ತಿರುಗಲೂ ಇಲ್ಲ.”

ಅತ್ತಿಗೆ ಹೊರಗೆ ಬಂದಳು. ಅರ್ಧ ಸುತ್ತಿದ ಲೋಟ ಕೈಯಲ್ಲೇ ಇತ್ತು.

“ನಾನೇ ಬರೆದಿದ್ದು.”

“ಅತ್ತಿಗೆ, ನೀವಾ?” ಎಂದಳು ತಂಗಿ.

“ಹನ್ನೊಂದು ದಿನದ ಕೂಸು. ಬೆಳಗ್ಗೆಯಿಂದ ಮೈ ಸುಡ್ತಿತ್ತು. ಡಾಕ್ಟರ ಮನೆ ಎರಡು ಬೀದಿ ಆಚೆ. ಮಾವ ಮಲಗಿದ್ರು. ಎದ್ದ ಮೇಲೆ ಕೇಳಿ ಹೋಗೋಣ ಅಂದ್ರು ಇವರು. ಬಾಗಿಲಲ್ಲೇ ನಿಂತಿದ್ರು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಮಾವ ಏಳೋ ಹೊತ್ತಿಗೆ ಕೂಸು ತಣ್ಣಗಾಗಿತ್ತು.”

“ನಾನು ಹಾಸ್ಟೆಲಿನಲ್ಲಿದ್ದೆ,” ತಂಗಿಯ ದನಿ ಇಳಿಯಿತು. “ಹುಟ್ಟುವಾಗಲೇ ಹೋಗಿತ್ತು ಅಂತ ಅಪ್ಪ ಬರೆದಿದ್ರು.”

“ಹನ್ನೊಂದು ದಿನ ಇತ್ತು. ಹಾಲು ಕುಡೀತಿತ್ತು. ಬೆಳಕಿಗೆ ಕಣ್ಣು ಮುಚ್ತಿತ್ತು.”

“ಮನೆ ಉಳಿಸ್ಕೊಳ್ಳೋಕೆ ಬರೆದ್ರಾ?” ಬ್ರೋಕರಮ್ಮ ಮೆಲ್ಲಗೆ ಕೇಳಿದಳು.

“ಮನೆ ಯಾರಿಗೆ ಬೇಕು? ಮಾರಿ. ಯಾರಾದ್ರೂ ಬಂದು ಕೇಳ್ಲಿ ಅಂತ ಬರೆದೆ. ಮೂವರು ಓದಿದ್ರು. ಮೂವರೂ ಬಿಟ್ಟುಹೋದ್ರು. ಸತ್ತಿದ್ದು ಯಾರು ಅಂತ ಒಬ್ಬರೂ ಕೇಳ್ಲಿಲ್ಲ.”

ತಂಗಿ ದೂರನ್ನು ನಾಲ್ಕಾಗಿ ಮಡಚಿ ಹರಿದಳು. “ಅಣ್ಣ,” ಎಂದಳು. ಎದ್ದು ಅವನ ಪಕ್ಕದ ಪೆಟ್ಟಿಗೆಯ ಮೇಲೆ ಕೂತಳು.

ಬ್ರೋಕರಮ್ಮ ಹೊಸ ಹಾಳೆ ತೆಗೆದು ಮೊದಲಿನಿಂದ ಬರೆಯತೊಡಗಿದಳು. ಗಂಡ, ಹೆಂಡತಿ. ಕೆಳಗೊಂದು ಗೆರೆ. ಅಲ್ಲಿ ಪೆನ್ನು ನಿಂತಿತು.

“ಮಗುವಿನ ಹೆಸರು?”

“ಇಟ್ಟಿರಲಿಲ್ಲ,” ಎಂದಳು ಅತ್ತಿಗೆ.

ಅಣ್ಣ ಗಂಟಲು ಸರಿಮಾಡಿಕೊಂಡ. ಒಂದು ಹೆಸರು ಹೇಳಿದ. ಎರಡೇ ಅಕ್ಷರ.

ಅತ್ತಿಗೆ ತಿರುಗಿ ನೋಡಿದಳು.

“ಅದನ್ನ ಯಾವಾಗ ಇಟ್ರಿ?”

“ಹುಟ್ಟಿದ ದಿನವೇ. ನಾಮಕರಣಕ್ಕೆ ಎಲ್ಲರೂ ಬಂದಾಗ ಹೇಳೋಣ ಅಂತಿದ್ದೆ.”

“ಇಪ್ಪತ್ತೊಂಬತ್ತು ವರ್ಷ ಆಯ್ತು. ಆಮೇಲಾದ್ರೂ ಹೇಳಬಹುದಿತ್ತು.”

“ಹೇಳಿದ್ರೆ ನೀನು ಅಳ್ತಿದ್ದೆ.”

“ಹೇಳದಿದ್ದಾಗ ನಗ್ತಿದ್ದೆನಾ ನಾನು?”

ಅವಳು ಲೋಟವನ್ನು ಕೆಳಗಿಟ್ಟು ಗೋಡೆಗೆ ಒರಗಿ ನಿಂತಳು.

“ಇನ್ನೊಂದು ಸಲ ಹೇಳಿ,” ಎಂದಳು.

ಅವನು ಹೇಳಿದ.