ಶುಕ್ರವಾರ ಬೆಳಿಗ್ಗೆ ಮಾತ್ರ ಸರಿಯಿತ್ತು

ಜನವರಿ ಹದಿಮೂರು, ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಬೆಂಗಳೂರಿನ ಎಂಜಿನಿಯರ್ ಶ್ಯಾಮಸುಂದರ ಕೊಲ್ಲಿ ನಾಡಿನ ಮನಾಮ ನಗರದ ಠಾಣೆಯಲ್ಲಿ ದೂರು ಕೊಟ್ಟ. ಅಲ್ಲಿನ ಜಿಂಜ್ ಬಡಾವಣೆಯ ಖಾಸಗಿ ಕ್ಲಿನಿಕ್ಕಿನಲ್ಲಿ ಹಿಂದಿನ ದಿನ ಅವನ ಹೆಂಡತಿ ಹಂಸಾಳಿಗೆ ಮೈಗೊಗ್ಗದ ಇಂಜೆಕ್ಷನ್ ಚುಚ್ಚಿದ್ದರು. ಆಕೆಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಊರಲ್ಲಾದರೆ ಇದು ಎಫ್‌ಐಆರ್, ಇಲ್ಲಿ ಬಲಾಗ್. ಶ್ಯಾಮಸುಂದರನ ಮಾತನ್ನು ಅರಬ್ಬಿಗೆ ತಿರುಗಿಸಿದವನು ಠಾಣೆಯ ದುಭಾಷಿ, ಉಳ್ಳಾಲದ ಇರ್ಷಾದ್.

ತನಿಖಾಧಿಕಾರಿ ಫಿದಾ ಇರ್ಷಾದನನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಹೋದಳು. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದಾಗಿನಿಂದ ಕಂಪ್ಯೂಟರುಗಳೆಲ್ಲ ನಿಧಾನ, ಆದರೂ ರೋಗಿಯ ವಿವರ ತೆರೆಯುವ ತನಕ ನರ್ಸ್ ಕಾಯಬೇಕಿತ್ತು ಎಂದ ಮ್ಯಾನೇಜರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಜಾಣರನ್ನು ಇರ್ಷಾದ್ ಬಹಳ ಕಂಡಿದ್ದ.

ನರ್ಸ್ ಬ್ರಿಜಿಟ್ ಅತ್ತು ಅತ್ತು ಸೋತಿದ್ದಳು.

"ಅಲರ್ಜಿ ಉಂಟಂತ ಸ್ಕ್ರೀನಲ್ಲಿ ಕೆಂಪು ಅಕ್ಷರ ಬರುದಿಲ್ವಾ?" ಇರ್ಷಾದ್ ಕೇಳಿದ.

"ಬಂತು. ಇಂಜೆಕ್ಷನ್ ಕೊಟ್ಟು ಐದು ನಿಮಿಷ ಆದ ಮೇಲೆ. ಡಾಕ್ಟರು ಅವಸರ ಮಾಡ್ತಿದ್ರು."

"ದಿನಾ ಹೀಗೆಯಾ?"

"ದಿನಾ. ಶುಕ್ರವಾರ ಬೆಳಿಗ್ಗೆ ಮಾತ್ರ ಸರಿ ಇರ್ತದೆ."

ಪೊಲೀಸ್ ಪ್ರಯೋಗಾಲಯದ ತಂತ್ರಜ್ಞ ಬಂದು ನೋಡಿದ. ಅಪ್‌ಗ್ರೇಡಿನದ್ದೇನೂ ತಪ್ಪಿರಲಿಲ್ಲ, ವೈರಸ್ ಕೂಡ ಇರಲಿಲ್ಲ. ರೋಗಿಗಳ ವಿವರ, ಕ್ಯಾಮೆರಾ ರೆಕಾರ್ಡಿಂಗ್ ಎಲ್ಲಕ್ಕೂ ಇದ್ದದ್ದು ಒಂದೇ ಸರ್ವರ್. ಅದರ ಡಿಸ್ಕನ್ನು ಯಾರೋ ಅಳಿಸಿದ್ದನ್ನು ಹುಡುಕುವ ಒಂದು ಪ್ರೋಗ್ರಾಂ ಹಚ್ಚಿ ಹಗಲೆಲ್ಲ ಕೆದಕುತ್ತಿದ್ದರು, ಹೊರಡುವಾಗ ನಿಲ್ಲಿಸುತ್ತಿದ್ದರು. ಎಲ್ಲ ನಿಧಾನವಾಗಲು ಅದೇ ಕಾರಣ.

"ಶುಕ್ರವಾರ ಬೆಳಿಗ್ಗೆ ಯಾರು ಇರುವುದಿಲ್ಲ?" ಫಿದಾ ಕೇಳಿದಳು.

ಇರ್ಷಾದನಿಗೆ ತಟ್ಟನೆ ಹೊಳೆಯಿತು. ಇಲ್ಲಿ ಭಾನುವಾರ ಕೆಲಸದ ದಿನ. ಮಂಗಳೂರು ಕಡೆಯ ಕ್ರೈಸ್ತರು ಚರ್ಚಿನ ಬಲಿಪೂಜೆಗೆ ಹೋಗುವುದು ಶುಕ್ರವಾರ. ಸರ್ವರ್ ಕೋಣೆಯ ಕೀಲಿ ಇದ್ದದ್ದು ಮೂಡುಬಿದಿರೆಯ ಜೆರಾಲ್ಡನ ಹತ್ತಿರ. ಕ್ಲಿನಿಕ್ಕಿನ ಕಂಪ್ಯೂಟರುಗಳನ್ನು ಕಾಯಬೇಕಾದವನೇ ಅವನು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಸಂಜೆ ಪಂಚನಾಮೆ ಬರೆದು ಸರ್ವರನ್ನು ವಶಪಡಿಸಿಕೊಂಡರು. ಜೆರಾಲ್ಡ್ ಅಡ್ಡಿ ಮಾಡಲಿಲ್ಲ.

"ಎಂತ ಹುಡುಕ್ತಿದ್ರಿ?" ಇರ್ಷಾದ್ ಕೇಳಿದ.

"ಅಪ್‌ಗ್ರೇಡ್ ಮಾಡಿದ ದಿನದ ಕ್ಯಾಮೆರಾ ರೆಕಾರ್ಡಿಂಗ್. ಅಳಿಸಿ ಹೋಗಿತ್ತು."

"ಅದರಲ್ಲಿ ಎಂತ ಇತ್ತು?"

"ನನ್ನ ಹೆಂಡ್ತಿ, ಗರ್ಟ್ರೂಡ್. ಎದೆನೋವಂತ ಇಲ್ಲೇ ಮೇಲಿನ ಮಹಡಿಯಲ್ಲಿ ಮಲಗಿಸಿದ್ರು. ಕೆಲಸ ಅರ್ಧಕ್ಕೆ ಬಿಟ್ಟು ಹೋಗ್ಬೇಡ ಅಂದ್ರು ಮ್ಯಾನೇಜರ್. ಮುಗಿಸಿ ಹೋಗುವಾಗ ಅವಳು ಇರ್ಲಿಲ್ಲ. ನಿದ್ದೆಯಲ್ಲೇ ಹೋದ್ರು ಅಂತ ಹೇಳಿದ್ರು. ಎಲ್ಲರಿಗೂ ಹಾಗೇ ಹೇಳುದಲ್ವಾ? ಅವಳು ನನ್ನನ್ನು ಕರೆದಳಾ ಅಂತ ನೋಡ್ಬೇಕಿತ್ತು."

ಇರ್ಷಾದ್ ಅದನ್ನು ಅರಬ್ಬಿಯಲ್ಲಿ ಹೇಳಿದ. ಫಿದಾ ಬಂಧಿಸಲು ಹೇಳಿದಳು.

ಗುರುವಾರ ಪ್ರಯೋಗಾಲಯದ ವರದಿ ಬಂತು. ಸಿಕ್ಕ ಚೂರುಗಳನ್ನೆಲ್ಲ ಜೆರಾಲ್ಡ್ ಅದೇ ಡಿಸ್ಕಿನಲ್ಲಿ ಉಳಿಸಿದ್ದ. ಹೊಸದು ಹಳೆಯದರ ಮೇಲೆ ಕೂತು, ಗರ್ಟ್ರೂಡ್ ಮಲಗಿದ್ದ ಕೋಣೆಯ ದೃಶ್ಯ ಪೂರ್ತಿ ನಾಶವಾಗಿತ್ತು.

ಪ್ರಾಸಿಕ್ಯೂಷನ್ ಕಚೇರಿಗೆ ಕರೆದೊಯ್ಯುವ ಮುನ್ನ ಜೆರಾಲ್ಡ್ ಇರ್ಷಾದನನ್ನು ಕೇಳಿದ, "ಸಿಕ್ಕಿತಾ?"

"ಇಲ್ಲ."

"ನಾನೇ ಅಳಿಸಿದ್ದಲ್ವಾ? ಹೊರಗಿನ ಡ್ರೈವ್ ಹಾಕ್ಲಿಕ್ಕೆ ಹೊಸ ಸಿಸ್ಟಮ್ ಬಿಡ್ಲಿಲ್ಲ. ಗೊತ್ತಿದ್ದೂ ಅದೇ ಡಿಸ್ಕಿಗೆ ಬರೆದೆ. ನಿಲ್ಲಿಸ್ಲಿಕ್ಕೆ ಆಗ್ಲಿಲ್ಲ."

ಇರ್ಷಾದ್ ವರದಿಯನ್ನು ಮಡಚಿಟ್ಟ.

"ಇಂಜೆಕ್ಷನ್ ಆದ ಆ ಹೆಂಗಸು ಹೇಗಿದ್ದಾರೆ?" ಜೆರಾಲ್ಡ್ ಕೇಳಿದ.

"ಹಂಸಾ ಅವರಿಗೆ ನಿನ್ನೆ ಎಚ್ಚರ ಆಯ್ತು. ಕಣ್ಣು ಬಿಡುವಾಗ ಗಂಡ ಪಕ್ಕದಲ್ಲೇ ಇದ್ರಂತೆ."

ಅಷ್ಟು ದಿನ ಗಟ್ಟಿಯಾಗಿದ್ದ ಜೆರಾಲ್ಡ್ ಆಗ ಅತ್ತ. ಕೋಳ ಹಿಡಿದಿದ್ದ ಪೇದೆ, ಅವನ ಅಳು ಮುಗಿಯುವ ತನಕ ಕಾದ.