ಒಣಗದೆ ಉಳಿದ ಗೆರೆ

"ಇದು ಬೇಡ" ಎಂದ ಪಂಪಿನಂಗಡಿಯ ಕ್ಲೆಮ್.

ರೋನಾಳಿಗೆ ಮೈಯೆಲ್ಲ ಉರಿಯಿತು. ಅಂಗಡಿಯಲ್ಲಿದ್ದ ಪಂಪುಗಳಲ್ಲೆಲ್ಲ ದೊಡ್ಡದನ್ನು ಹುಡುಕಿ ಕೌಂಟರಿನ ಮೇಲೆ ತಂದಿಟ್ಟಿದ್ದಾಳೆ. ಕೊಡುವುದಿಲ್ಲ ಅನ್ನಲು ಇವನ್ಯಾರು?

"ಯಾಕೆ? ಹೆಂಗಸು ಅಂತಾನಾ?"

"ಅಯ್ಯೋ, ಅಲ್ಲ ರೀ. ಇದು ಗೋಧಿ ಹೊಲದ ಪಂಪು. ನಿಮ್ಮ ಪುಟ್ಟ ಸ್ಪ್ರೇಯರ್‌ಗೆ ಹಾಕಿದ್ರೆ ಪೈಪೇ ಕಿತ್ಕೊಂಡು ಹಾರುತ್ತೆ. ಟ್ಯಾಂಕಿಗೆ ಏನು ಹಾಕ್ತೀರಿ? ದ್ರವಾನಾ, ಪುಡೀನಾ?"

"ಪಂಪ್ ಕೇಳಿದ್ರೆ ಪರೀಕ್ಷೆ ತಗೋತೀರಲ್ಲ!"

"ಪಾಸಾದ್ರೆ ಪಂಪ್ ಕೊಡ್ತೀನಿ."

ಅವನು ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಇಂಥ ಹೊತ್ತಿನಲ್ಲಿ ಅದನ್ನು ಗಮನಿಸಿದ್ದಕ್ಕೆ ರೋನಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ನಗುವ ಪರಿಸ್ಥಿತಿಯಲ್ಲಿ ಅವಳಿರಲಿಲ್ಲ. ಗೋಧಿ ಬೆಳೆಯುವ ವಿಮೆರಾ ಸೀಮೆಯ ಆ ಸಣ್ಣ ಊರಿನ ಬೌಲ್ಸ್ ಕ್ಲಬ್ಬಿನಲ್ಲಿ, ಚೆಂಡು ಉರುಳಿಸಿ ಆಡುವ ಹುಲ್ಲಿನ ಅಂಕಣವನ್ನು ನೋಡಿಕೊಳ್ಳುವುದು ಅವಳ ಕೆಲಸ. ಈ ವಸಂತದಲ್ಲಿ ಹುಲ್ಲಿಗೆ ಬೂಷ್ಟು ರೋಗ ಹತ್ತಿತ್ತು. ಔಷಧಿ ಹೊಡೆದರೆ ಒಂದು ಬದಿ ಚೇತರಿಸಿಕೊಳ್ಳುತ್ತಿತ್ತು, ಇನ್ನೊಂದು ಬದಿ ಬಿಳಿಚಿಕೊಂಡೇ ಇರುತ್ತಿತ್ತು. ಪಂದ್ಯಗಳು ಶುರುವಾಗುವುದರೊಳಗೆ ಸರಿಹೋಗದಿದ್ದರೆ ಹುಲ್ಲು ಕಿತ್ತು ಪ್ಲಾಸ್ಟಿಕ್ ಹಾಸುವುದೇ ಸೈ ಎಂದು ಕ್ಲಬ್ಬಿನ ಅಧ್ಯಕ್ಷ ನೆವಿಲ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಪ್ಲಾಸ್ಟಿಕ್ಕಿಗೆ ರೋನಾ ಬೇಕಿಲ್ಲ. ಕೆಲಸ ಹೋದರೆ ಊರೂ ಬಿಡಬೇಕು. ಈ ಊರು ಬಿಡಲು ಅವಳಿಗೆ ಸುತರಾಂ ಇಷ್ಟವಿರಲಿಲ್ಲ.

"ಪುಡಿ" ಎಂದಳು, ಸೋತ ದನಿಯಲ್ಲಿ.

"ನೋಡಿ, ತೊಂದರೆ ಅಲ್ಲೇ ಇರೋದು. ನಿಮ್ಮ ಹಳೇ ಪಂಪು ನಳಿಕೆಗಳಿಗೆ ಬೇಕಾದಷ್ಟೇ ನೀರು ತಳ್ಳುತ್ತೆ. ವಾಪಸ್ ಟ್ಯಾಂಕಿಗೆ ಹೋಗಿ ಕಲಕೋಕೆ ಏನೂ ಮಿಗಲ್ಲ. ಪುಡಿ ತಳ ಸೇರುತ್ತೆ. ಶುರುವಿಗೆ ಗಟ್ಟಿ ಔಷಧಿ, ಕೊನೆಗೆ ಬರೀ ನೀರು." ಕ್ಲೆಮ್ ಕಪಾಟಿನಿಂದ ಚಿಕ್ಕದೊಂದು ಪಂಪು ಇಳಿಸಿದ. "ಒಳಗೆ ರಬ್ಬರ್ ಪೊರೆ ಇರೋ ಈ ಡಯಾಫ್ರಾಮ್ ಪಂಪು ತಗೊಳ್ಳಿ. ಪುಡಿಗೆ ಬೇಗ ಸವೆಯಲ್ಲ. ನಳಿಕೆಗೂ ಸಾಕು, ಕಲಕೋಕೂ ಉಳಿಯುತ್ತೆ. ಒತ್ತಡ ಹಿಡಿದಿಡೋಕೆ ಈ ವಾಲ್ವು."

"ಕಂಪ್ಯೂಟರ್ ಕಂಟ್ರೋಲರ್ ಬೇಡ್ವಾ? ವೇಗ ಹೆಚ್ಚುಕಮ್ಮಿ ಆದ್ರೆ ತಾನೇ ಸರಿಮಾಡುತ್ತಂತೆ."

"ಅದು ಟ್ರ್ಯಾಕ್ಟರ್ ಓಡಿಸೋರಿಗೆ. ನೀವು ನಡ್ಕೊಂಡು ಹೊಡೀತೀರಿ. ನಿಮ್ಮ ನಡಿಗೆ ಒಂಚೂರೂ ಆಚೀಚೆ ಆಗಲ್ಲ."

"ಅದು ನಿಮಗೆ ಹೇಗೆ ಗೊತ್ತು?"

ಕ್ಲೆಮ್‌ನ ಕಿವಿ ಕೆಂಪಾಯಿತು. "ಕಿಟಕಿ... ನಿಮ್ಮ ಕ್ಲಬ್ಬಿನ ಕಡೆಗೇ ಇದೆಯಲ್ಲ."

ರೋನಾಳ ಸಿಟ್ಟು ಅದೆಲ್ಲಿ ಕರಗಿಹೋಯಿತೋ, ಅವಳಿಗೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅವನೇ ಬಂದು ಪಂಪು ಜೋಡಿಸಿಕೊಟ್ಟ. ಹೊಸ ಪಂಪನ್ನು ಯಾರೂ ನೇರ ಹುಲ್ಲಿನ ಮೇಲೆ ಓಡಿಸುವುದಿಲ್ಲ. ಮೊದಲು ಕಾರು ನಿಲ್ಲಿಸುವ ಡಾಂಬರಿನ ಮೇಲೆ ಬರೀ ನೀರು ಹೊಡೆದು, ಅದು ಹೇಗೆ ಒಣಗುತ್ತದೆ ಎಂದು ನೋಡುತ್ತಾರೆ. ಸಮನಾಗಿ ಬಿದ್ದಿದ್ದರೆ ಸಮನಾಗಿ ಒಣಗುತ್ತದೆ.

ಕ್ಲೆಮ್ ಟೀ ಲೋಟ ಹಿಡಿದು ನೀಲಗಿರಿ ಮರಕ್ಕೆ ಒರಗಿ ನಿಂತ. ರೋನಾ ಸ್ಪ್ರೇಯರ್ ತಳ್ಳಿಕೊಂಡು ಹೊರಟಳು. ಅವನ ಕಣ್ಣು ತನ್ನ ಮೇಲಿದೆ ಎಂದು ಕತ್ತು ತಿರುಗಿಸದೆಯೂ ಗೊತ್ತಾಗುತ್ತಿತ್ತು. ಟೋಪಿಯಿಂದ ಜಾರಿದ ಕೂದಲನ್ನು ಒಮ್ಮೆ ಕಿವಿಯ ಹಿಂದೆ ಸೇರಿಸಿಕೊಂಡಳು, ಅಷ್ಟೆ.

ಬಿಸಿಲೇರಿತು. ಡಾಂಬರೆಲ್ಲ ಒಟ್ಟಿಗೇ ಒಣಗಿತು. ಒಂದು ಗೆರೆ ಮಾತ್ರ ಒದ್ದೆಯಾಗಿಯೇ ಉಳಿಯಿತು, ಸರಿಯಾಗಿ ಆ ಮರದ ಎದುರಿಗೆ.

"ಪಂಪು ಸರಿ ಇಲ್ಲ" ಎಂದಳು ರೋನಾ.

"ಪಂಪು ಸರಿಯಾಗೇ ಇದೆ. ಇಲ್ಲಿ ಯಾರೋ ನಿಧಾನ ಆದ್ರು."

"ಕಲ್ಲು ಅಡ್ಡ ಬಂತು."

"ಎಲ್ಲಿ ಕಲ್ಲು?"

"ಆರಡಿ ಕಲ್ಲು. ಟೀ ಕುಡೀತಾ ನಿಂತಿತ್ತು."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ರೋನಾ ಆ ಒದ್ದೆ ಗೆರೆಯನ್ನೇ ನೋಡುತ್ತ ಮೆಲ್ಲಗೆ ಹೇಳಿದಳು: "ಹುಲ್ಲಿನ ಮೇಲೆ ಹೀಗಾದ್ರೆ ಔಷಧಿ ಜಾಸ್ತಿಯಾಗಿ ಅಷ್ಟು ಜಾಗ ಸುಟ್ಟುಹೋಗುತ್ತೆ ಕ್ಲೆಮ್. ಇನ್ನೊಂದು ಅವಕಾಶ ಕೊಡಲ್ಲ ಕ್ಲಬ್ಬಿನೋರು. ನೀನು ನೋಡಬಾರದು."

"ಕಿಟಕೀಲೂ?"

"ಕಿಟಕೀಲೂ."

ಅವನು ಮಾತು ಉಳಿಸಿಕೊಂಡ. ಬೆಳಿಗ್ಗೆ ಬೆಳಿಗ್ಗೆಯೇ ಪರದೆ ಇಳಿಸಿ ಕೂರತೊಡಗಿದ. ದಿನವೂ ಅವಳನ್ನು ನೋಡಿಯೇ ಅಂಗಡಿ ಶುರುಮಾಡುತ್ತಿದ್ದವನಿಗೆ ಟೀಯೂ ಸಪ್ಪೆ. ಪ್ಲಾಸ್ಟಿಕ್ ಬಂದು ಅವಳು ಹೊರಟೇಹೋದರೆ, ಇದ್ದ ದಿನಗಳನ್ನೂ ನೋಡದೆ ಕಳೆದಂತಾಯಿತಲ್ಲ ಎಂದು ಸಂಕಟವಾಗುತ್ತಿತ್ತು.

ಪೈಪಿನ ಕ್ಲಿಪ್ಪಿಗೆಂದು ಬಂದ ನೆವಿಲ್ ಕೇಳಿಯೇಬಿಟ್ಟ. "ಏನೋ ಮಾರಾಯ, ಕತ್ತಲೆ ಮಾಡ್ಕೊಂಡು ಕೂತಿದೀಯ?"

"ಬಿಸಿಲು."

"ಬೆಳಿಗ್ಗೆ ಹೊತ್ತು ಪಶ್ಚಿಮದ ಕಿಟಕೀಲಿ?" ಮುದುಕ ಕಣ್ಣು ಮಿಟುಕಿಸಿದ. "ಅವಳೂ ಹೀಗೇ. ಈ ಕಡೆ ತಿರುಗಿದ್ರೆ ಕತ್ತು ಉಳುಕುತ್ತೆ ಅನ್ನೋ ಹಾಗೆ ನಡೀತಾಳೆ."

ಪಂದ್ಯಗಳಿಗೆ ಮುಂಚಿನ ಶನಿವಾರ ಸಮಿತಿಯವರು ಅಂಕಣ ನೋಡಲು ಬಂದರು. ಕ್ಲೆಮ್ ಅಂಗಡಿಯಲ್ಲಿ ಕಿಟಕಿಗೆ ಬೆನ್ನು ಹಾಕಿ, ಒರೆಸಿದ ವಾಲ್ವನ್ನೇ ಮತ್ತೆ ಒರೆಸುತ್ತ ಕುಳಿತಿದ್ದ. ಬಾಗಿಲು ತೆರೆಯಿತು. ಅವನು ತಲೆಯೆತ್ತಲಿಲ್ಲ.

"ಹುಲ್ಲು ಉಳೀತು" ಎಂದಳು ರೋನಾ. "ಒಂದು ಚುಕ್ಕೆ ಇಲ್ಲ ಕ್ಲೆಮ್. ನೆವಿಲ್ ಬೂಟು ಬಿಚ್ಚಿ ಬರಿಗಾಲಲ್ಲಿ ಓಡಾಡಿದ."

"ನೀನು?"

"ನಾನೂ ಉಳಿದೆ."

ಅವಳೇ ಹೋಗಿ ಪರದೆ ಸರ್ರನೆ ಮೇಲೆಳೆದಳು. ಬೆಳಕೆಲ್ಲ ಒಳಗೆ ಬಂತು. ಕ್ಲೆಮ್ ಕೊನೆಗೂ ಅವಳನ್ನು ನೋಡಿದ. ಇಷ್ಟು ದಿನದ್ದನ್ನೆಲ್ಲ ಸೇರಿಸಿ ನೋಡಿದ.

"ಇನ್ನು ನೋಡಬಹುದಾ? ಮತ್ತೆ ನಿನ್ನ ಹೆಜ್ಜೆ ತಪ್ಪಿದ್ರೆ?"

"ಹೊರಗಿನೋರು ನೋಡಿದ್ರೆ ತಪ್ಪುತ್ತೆ" ಎಂದಳು ರೋನಾ. ಅವಳ ಮುಖ ಕೆಂಪಾಗಿತ್ತು, ಆದರೆ ಕಣ್ಣು ಕೆಳಗಿಳಿಸಲಿಲ್ಲ. "ದಿನಾ ಒಟ್ಟಿಗೆ ತಿಂಡಿ ತಿಂದು ಮನೆಯಿಂದ ಹೊರಡೋನು ನೋಡಿದ್ರೆ ಯಾಕೆ ತಪ್ಪುತ್ತೆ?"

ಕ್ಲೆಮ್ ಕೈಯಲ್ಲಿದ್ದ ವಾಲ್ವನ್ನು ಕೆಳಗಿಟ್ಟ. ಕೌಂಟರ್ ದಾಟಿ ಬಂದು ಅವಳ ಮಣ್ಣು ಮೆತ್ತಿದ ಕೈಗಳನ್ನು ಹಿಡಿದುಕೊಂಡ.